ಬೆಟ್ಟದ ಮೇಲೊಂದು ಹೈಸ್ಕೂಲು: ಹಿಮಾಚಲದ ಹುಡುಗಿಯರು ಓದಿದ ಕಥೆ

ದೆಹಲಿ ಕನ್ನಡಿಗರಾದ ನಮಗೆ ಹಿಮಾಚಲ ಎಂದರೆ ಮೇ-ಜೂನ್ ತಿಂಗಳ ಪ್ರವಾಸ. ಊರಿನಿಂದ ನೆಂಟರು ಬಂದರೆ ಶಿಮ್ಲಾದ ಮಾಲ್ ರೋಡು, ಮನಾಲಿಯ ಹಿಡಿಂಬೆಯ ಗುಡಿ ತೋರಿಸಿ, ಒಂದು ಪೆಟ್ಟಿಗೆ ಸೇಬು ಹೊತ್ತುಕೊಂಡು ವಾಪಸಾಗುತ್ತೇವೆ. ಆ ದಾರಿಯ ತಿರುವುಗಳಲ್ಲಿ ಸಮವಸ್ತ್ರ ತೊಟ್ಟು, ಎರಡು ಜಡೆ ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು ನಡೆದುಹೋಗುವ ದೊಡ್ಡ ಹುಡುಗಿಯರ ಗುಂಪನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುತ್ತೇವೆ. ಒಂಬತ್ತು, ಹತ್ತು, ಹನ್ನೊಂದನೇ ತರಗತಿಯ ಹುಡುಗಿಯರು. ಇದರಲ್ಲೇನು ವಿಶೇಷ ಎನ್ನಿಸಬಹುದು. ಆದರೆ ಅವರ ಅಜ್ಜಿಯರ ಕಾಲದಲ್ಲಿ ಆ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತ ಹುಡುಗಿಯರಿದ್ದರೇ ಹೊರತು ಪುಸ್ತಕ ಹೊತ್ತವರು ಇರಲಿಲ್ಲ.

1971ರ ಜನಗಣತಿಯಲ್ಲಿ ಹಿಮಾಚಲದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 20. ಅದೇ ಗಣತಿಯಲ್ಲಿ ನಮ್ಮ ಮೈಸೂರು ರಾಜ್ಯದ ಲೆಕ್ಕ ಸುಮಾರು 21. ಅಂದರೆ ಎರಡೂ ರಾಜ್ಯಗಳ ಹೆಂಗಸರು ಹೆಚ್ಚುಕಡಿಮೆ ಒಂದೇ ಮೆಟ್ಟಿಲ ಮೇಲಿದ್ದರು. ಇಪ್ಪತ್ತು ವರ್ಷ ಕಳೆದು 1991ಕ್ಕೆ ಬಂದರೆ ಕರ್ನಾಟಕದಲ್ಲಿ 44, ಹಿಮಾಚಲದಲ್ಲಿ 52. 2011ರಲ್ಲಿ ನಾವು 68, ಅವರು 76. ಬೆಂಗಳೂರು, ಮೈಸೂರು, ಧಾರವಾಡಗಳಂಥ ಓದಿನ ಊರುಗಳನ್ನು ಬಹುಕಾಲದಿಂದ ಇಟ್ಟುಕೊಂಡ ನಮ್ಮನ್ನು, ಹೇಳಿಕೊಳ್ಳುವಂಥ ಪಟ್ಟಣವೇ ಇಲ್ಲದ, ಜನಸಂಖ್ಯೆಯಲ್ಲಿ ನೂರಕ್ಕೆ 90 ಮಂದಿ ಹಳ್ಳಿಯಲ್ಲೇ ಇರುವ ಗುಡ್ಡಗಾಡು ರಾಜ್ಯವೊಂದು ಹಿಂದೆ ಹಾಕಿತು. ಹೇಗೆ? ಹಣ ಎಲ್ಲಿಂದ ಬಂತು? ಅದನ್ನು ಯಾವ ಲೆಕ್ಕದಲ್ಲಿ ಖರ್ಚು ಮಾಡಿದರು? ನಮ್ಮ ವೇದಿಕೆಯ ಸದಸ್ಯೆಯರಿಗೆ ಈ ಲೆಕ್ಕ ಆಸಕ್ತಿ ಹುಟ್ಟಿಸೀತು ಎಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

1948ರ ಏಪ್ರಿಲ್ 15ರಂದು ಸುಮಾರು ಮೂವತ್ತು ಸಣ್ಣಪುಟ್ಟ ಸಂಸ್ಥಾನಗಳನ್ನು ಒಟ್ಟು ಸೇರಿಸಿ ಹಿಮಾಚಲ ಪ್ರದೇಶ ಎಂಬ ಹೆಸರಿಟ್ಟರು. ಅವುಗಳಲ್ಲಿ ಕೆಲವಂತೂ ನಮ್ಮ ಒಂದು ಹೋಬಳಿಯಷ್ಟೇ ದೊಡ್ಡವು. ಮೋಟಾರು ಓಡುವ ರಸ್ತೆ ಇಡೀ ಪ್ರಾಂತ್ಯದಲ್ಲಿ 300 ಕಿಲೋಮೀಟರಿಗೂ ಕಡಿಮೆ. ಶಾಲೆ ಎಂಬುದೇನಿದ್ದರೂ ರಾಜನ ಊರಿನಲ್ಲಿ, ಇಲ್ಲವೇ ಮಿಷನರಿಗಳಿದ್ದಲ್ಲಿ. ಕೋಟಗಢದ ಕಡೆ ಅಮೆರಿಕದಿಂದ ಬಂದು ನೆಲೆನಿಂತ ಸತ್ಯಾನಂದ ಸ್ಟೋಕ್ಸ್ ಅವರು ಗುಡ್ಡದ ರೈತರಿಗೆ ಸೇಬು ಬೆಳೆಯುವುದನ್ನು ಕಲಿಸಿದ್ದಲ್ಲದೆ, ತೀರಿಹೋದ ತಮ್ಮ ಮಗ ತಾರಾನ ನೆನಪಿನಲ್ಲಿ ಒಂದು ಶಾಲೆಯನ್ನೂ ನಡೆಸಿದ್ದರು. ಆ ಸುತ್ತಿನ ತೋಟದವರ ಮಕ್ಕಳಿಗೆ ಅದು ಒದಗಿತು. ಆದರೆ ಬೆಟ್ಟಕ್ಕೊಬ್ಬ ಸ್ಟೋಕ್ಸ್ ಎಲ್ಲಿಂದ ಬರಬೇಕು?

1952ರಲ್ಲಿ ಮೊದಲ ಮುಖ್ಯಮಂತ್ರಿಯಾದವರು ಯಶವಂತ ಸಿಂಗ್ ಪರ್ಮಾರ್. ಸಿರಮೌರ್‌ನ ಹಳ್ಳಿಯವರು. ಲಖನೌ ವಿಶ್ವವಿದ್ಯಾಲಯದಿಂದ ಅವರು ಡಾಕ್ಟರೇಟ್ ಪಡೆದದ್ದು ಹಿಮಾಲಯದ ಬಹುಪತಿತ್ವ ಪದ್ಧತಿಯ ಮೇಲಿನ ಅಧ್ಯಯನಕ್ಕೆ. ಅಂದರೆ ಬೆಟ್ಟದ ಮನೆಯಲ್ಲಿ ಹೆಣ್ಣಿನ ದುಡಿಮೆ ಎಂದರೇನು, ತುಂಡು ಹೊಲಕ್ಕೂ ಮದುವೆಗೂ ಏನು ನಂಟು ಎಂಬುದನ್ನು ಓದಿ ತಿಳಿದಿದ್ದ ಮನುಷ್ಯ. 1963ರಿಂದ 1977ರವರೆಗೆ ಮತ್ತೆ ಅವರೇ ಮುಖ್ಯಮಂತ್ರಿ.

ನಡುವೆ ಒಂದು ಗಂಡಾಂತರ ಬಂದಿತ್ತು. ನಮಗೆಲ್ಲ 1956ರ ಏಕೀಕರಣ ಕೊಟ್ಟ ಅದೇ ರಾಜ್ಯ ಪುನರ್ವಿಂಗಡಣಾ ಆಯೋಗ ಹಿಮಾಚಲವನ್ನು ಪಂಜಾಬಿನಲ್ಲಿ ಕರಗಿಸಬೇಕೆಂದು ಬಹುಮತದಿಂದ ಶಿಫಾರಸು ಮಾಡಿತ್ತು. ಅಧ್ಯಕ್ಷರಾದ ಫಜಲ್ ಅಲಿಯವರೊಬ್ಬರೇ ಬೇರೆ ಅಭಿಪ್ರಾಯ ಬರೆದರು. ಕೊನೆಗೆ ಹಿಮಾಚಲ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಿತು. ಹತ್ತು ವರ್ಷದ ನಂತರ, 1966ರ ನವೆಂಬರ್ 1ರಂದು (ಹೌದು, ನಮ್ಮ ರಾಜ್ಯೋತ್ಸವದ ದಿನವೇ), ಕಾಂಗ್ರಾ, ಕುಲ್ಲು, ಶಿಮ್ಲಾ, ಲಾಹೌಲ್-ಸ್ಪಿತಿಗಳು ಪಂಜಾಬಿನಿಂದ ಬೇರ್ಪಟ್ಟು ಹಿಮಾಚಲಕ್ಕೆ ಸೇರಿದವು. 1971ರ ಜನವರಿ 25ರಂದು ಪೂರ್ಣ ರಾಜ್ಯದ ಪಟ್ಟ ದೊರಕಿತು.

ಪಂಜಾಬಿನಲ್ಲೇ ಕರಗಿದ್ದರೆ ಈ ಕಥೆ ಇರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಬಯಲುನಾಡಿನ ದೊಡ್ಡ ರಾಜ್ಯದಲ್ಲಿ ಗುಡ್ಡದ ಒಂದು ಜಿಲ್ಲೆ ಯಾವಾಗಲೂ ಪಟ್ಟಿಯ ಕೊನೆಯದು. ಏಕೆಂದರೆ ಹೈಸ್ಕೂಲು ಎಲ್ಲಿ ಕಟ್ಟಬೇಕು ಎಂದು ನಿರ್ಧರಿಸುವ ಅಳತೆಗೋಲೇ ಬಯಲಿನದು.

ಈ ಅಳತೆಗೋಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಾಥಮಿಕ ಶಾಲೆ ನಡೆಸಲು ಒಂದು ಕೋಣೆ, ಒಬ್ಬಿಬ್ಬರು ಮೇಷ್ಟ್ರು ಸಾಕು. ಹೈಸ್ಕೂಲಿಗೆ ಹಾಗಲ್ಲ. ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ಇಂಗ್ಲಿಷಿಗೊಬ್ಬರು, ಹಿಂದಿ-ಸಂಸ್ಕೃತಕ್ಕೆ ಬೇರೆಯವರು. ಪ್ರಯೋಗಾಲಯ ಬೇಕು, ಹೆಚ್ಚು ಕೋಣೆ ಬೇಕು. ಇಷ್ಟು ಖರ್ಚು ಮಾಡಬೇಕಾದರೆ ಸರ್ಕಾರ ಮೊದಲು ಕೇಳುವುದು ಎಷ್ಟು ಮಕ್ಕಳು ಬರುತ್ತಾರೆ ಎಂದು. ಬಯಲಿನಲ್ಲಿ ಐದಾರು ಹಳ್ಳಿಗಳ ನಡುವೆ ಒಂದು ಹೈಸ್ಕೂಲು ಕಟ್ಟಿದರೆ ಇನ್ನೂರು ಮುನ್ನೂರು ಮಕ್ಕಳು ಸಿಗುತ್ತಾರೆ. ಬೆಟ್ಟದಲ್ಲಿ ಐದಾರು ಹಳ್ಳಿ ಸೇರಿದರೂ ನಲವತ್ತು ಐವತ್ತು ಮಕ್ಕಳಾಗುವುದು ಕಷ್ಟ. ಲಾಹೌಲ್-ಸ್ಪಿತಿ ಜಿಲ್ಲೆಯ ವಿಸ್ತೀರ್ಣ ಗೋವಾ ರಾಜ್ಯದ ಮೂರು ಪಟ್ಟಿಗೂ ಹೆಚ್ಚು. ಜನ 2011ರಲ್ಲಿ ಸುಮಾರು 31,500. ನಮ್ಮ ದೆಹಲಿಯ ಒಂದೆರಡು ಬಡಾವಣೆಗಳಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದೇವೆ.

ಇನ್ನು ದೂರ. ನಕ್ಷೆಯಲ್ಲಿ ಐದು ಕಿಲೋಮೀಟರು ಎಂದರೆ ಬಯಲಿನ ಹುಡುಗಿಗೆ ಒಂದು ಗಂಟೆಯ ನಡಿಗೆ, ಸೈಕಲ್ ಇದ್ದರೆ ಇಪ್ಪತ್ತು ನಿಮಿಷ. ಅದೇ ಐದು ಕಿಲೋಮೀಟರು ಬೆಟ್ಟದಲ್ಲಿ ಎಂದರೆ, ಮನೆಯಿಂದ ಹಳ್ಳದವರೆಗೆ ಇಳಿಯಬೇಕು, ಹಳ್ಳ ದಾಟಬೇಕು, ಎದುರಿನ ದಿಬ್ಬ ಏರಬೇಕು. ಸಂಜೆ ಅದೇ ದಾರಿ ತಿರುಗಿ. ಚಳಿಗಾಲದಲ್ಲಿ ಐದೂವರೆಗೆಲ್ಲ ಕತ್ತಲು. ಚಿರತೆ, ಕರಡಿಯ ಭಯ ಬೇರೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಆ ದಿನ ಶಾಲೆ ಇಲ್ಲ. 2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರುಮಾಡಿ ದೇಶದಲ್ಲೆಲ್ಲ ಹೆಸರು ಮಾಡಿತು. ಒಳ್ಳೆಯ ಯೋಜನೆಯೇ, ಆದರೆ ಅದು ಗಂಗೆಯ ಬಯಲಿನ ಉಪಾಯ. ಮೆಟ್ಟಿಲು ದಾರಿಯಲ್ಲಿ ಸೈಕಲನ್ನು ಹುಡುಗಿಯೇ ಹೊರಬೇಕಾಗುತ್ತದೆ.

ಹದಿನಾಲ್ಕು ತುಂಬಿದ ಮಗಳನ್ನು ಅಷ್ಟು ದೂರ, ಅಂಥ ದಾರಿಯಲ್ಲಿ ಒಬ್ಬಳನ್ನೇ ಯಾವ ತಾಯಿ ಕಳಿಸುತ್ತಾಳೆ? ಗಂಡು ಹುಡುಗನನ್ನಾದರೆ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಬಿಡುತ್ತಾರೆ. ನಮ್ಮ ಮಲೆನಾಡಿನಲ್ಲೂ ಹಿಂದೆ ಹೀಗೆಯೇ ಇತ್ತಲ್ಲ, ಓದುವ ಹುಡುಗ ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ವಾರಾನ್ನ ಮಾಡಿಕೊಂಡು ಇರುತ್ತಿದ್ದ, ಅವನ ತಂಗಿ ಏಳನೆಯದಕ್ಕೇ ಮನೆಯಲ್ಲಿ ಉಳಿಯುತ್ತಿದ್ದಳು. ಹಾಗಾಗಿ ಪ್ರಾಥಮಿಕ ಶಾಲೆಯ ದೂರ ಎಲ್ಲ ಮಕ್ಕಳ ಪ್ರಶ್ನೆಯಾದರೆ, ಹೈಸ್ಕೂಲಿನ ದೂರ ಹೆಚ್ಚಾಗಿ ಹುಡುಗಿಯರ ಪ್ರಶ್ನೆ. ಹಿಮಾಚಲದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಇದನ್ನು ಒಪ್ಪಿಕೊಂಡು ನಡೆದವು. ಮಕ್ಕಳ ತಲೆ ಎಣಿಸಿ ಶಾಲೆ ಕೊಡುವುದನ್ನು ಬಿಟ್ಟು, ಮನೆಯಿಂದ ದೂರ ಎಷ್ಟು ಎಂದು ನೋಡಿ ಶಾಲೆ ಕೊಟ್ಟರು.

ಅದಕ್ಕೆ ಹಣ? ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಇಡೀ ಹಿಮಾಚಲಕ್ಕೆ ಖರ್ಚಾದದ್ದು ಐದು ಕೋಟಿ ರೂಪಾಯಿ ಚಿಲ್ಲರೆ. ಅದರಲ್ಲಿ ದೊಡ್ಡ ಪಾಲನ್ನು ರಸ್ತೆಗೆ ಹಾಕಿದರು. ಶಾಲೆಗಿಂತ ಮೊದಲು ರಸ್ತೆಯೇ ಎಂದು ಇಂದು ಕೇಳಿದರೆ ತಪ್ಪು ಎನಿಸಬಹುದು. ಆದರೆ ಸಿಮೆಂಟು, ತಗಡು, ಬೆಂಚು ಹೇಸರಗತ್ತೆಯ ಮೇಲೆ ಬರುವ ಜಾಗದಲ್ಲಿ ಹೈಸ್ಕೂಲು ಕಟ್ಟುವ ಖರ್ಚು ಊಹಿಸಿ. ಬಸ್ಸು ಬಾರದ ಊರಿಗೆ ಗಣಿತದ ಮೇಷ್ಟ್ರು ಬರುವುದೂ ಇಲ್ಲ, ಬಂದರೂ ನಿಲ್ಲುವುದಿಲ್ಲ. ಪರ್ಮಾರರಿಗೆ ಅದು ಗೊತ್ತಿತ್ತು.

ನಿಜವಾದ ತಿರುವು ಸಿಕ್ಕಿದ್ದು ರಾಜ್ಯದ ಪಟ್ಟ ಬಂದಾಗ. 1969ರಲ್ಲಿ ರೂಪುಗೊಂಡ ಗಾಡ್ಗೀಳ್ ಸೂತ್ರದಡಿ ಅಸ್ಸಾಂ, ನಾಗಾಲ್ಯಾಂಡ್, ಜಮ್ಮು-ಕಾಶ್ಮೀರಗಳನ್ನು ವಿಶೇಷ ವರ್ಗದ ರಾಜ್ಯಗಳೆಂದು ಗುರುತಿಸಿದ್ದರು. 1971ರಲ್ಲಿ ಹಿಮಾಚಲವೂ ಆ ಸಾಲಿಗೆ ಸೇರಿತು. ಇದರ ಅರ್ಥ ಸರಳ. ಯೋಜನೆಗೆಂದು ಕೇಂದ್ರ ನೂರು ರೂಪಾಯಿ ನೆರವು ಕೊಟ್ಟರೆ, ಕರ್ನಾಟಕದಂಥ ಸಾಮಾನ್ಯ ರಾಜ್ಯಕ್ಕೆ ಅದರಲ್ಲಿ 30 ಅನುದಾನ, 70 ಸಾಲ. ಹಿಮಾಚಲಕ್ಕೆ 90 ಅನುದಾನ, 10 ಮಾತ್ರ ಸಾಲ. ತಿರುಗಿ ಕೊಡಬೇಕಿಲ್ಲದ ಹಣ. ಇದೇ ಸೌಲಭ್ಯ ಬೇರೆ ಗುಡ್ಡಗಾಡು ರಾಜ್ಯಗಳಿಗೂ ಇತ್ತು ಎಂಬುದನ್ನು ಮರೆಯಬಾರದು. ಎಲ್ಲರೂ ಅದನ್ನು ಶಾಲೆಗೆ ಹಾಕಲಿಲ್ಲ. ಐದನೇ ಯೋಜನೆಯಲ್ಲಿ ಬುಡಕಟ್ಟು ಉಪಯೋಜನೆ ಬಂದಾಗ ಕಿನ್ನೌರ್, ಲಾಹೌಲ್-ಸ್ಪಿತಿ, ಚಂಬಾದ ಪಾಂಗಿ ಮತ್ತು ಭರಮೌರ್ ಪ್ರದೇಶಗಳಿಗೆ ಪ್ರತ್ಯೇಕವಾಗಿ ಹಣ ತೆಗೆದಿಡುವ ಪದ್ಧತಿ ಶುರುವಾಯಿತು. ಜನಸಂಖ್ಯೆಯ ಪಾಲಿಗಿಂತ ಹೆಚ್ಚಿನ ಹಣ ಆ ಕಣಿವೆಗಳಿಗೆ ಹೋಯಿತು.

ಈ ಅನುದಾನದಲ್ಲಿ ಒಂದು ಗಂಟಿತ್ತು. ಯೋಜನೆಯ ಹಣದಲ್ಲಿ ಶಾಲೆ ತೆರೆಯಬಹುದು, ಐದು ವರ್ಷ ಮೇಷ್ಟ್ರ ಸಂಬಳವನ್ನೂ ಕೊಡಬಹುದು. ಯೋಜನೆಯ ಅವಧಿ ಮುಗಿದ ಮೇಲೆ ಆ ಸಂಬಳವೆಲ್ಲ ಯೋಜನೇತರ ವೆಚ್ಚವಾಗಿ ರಾಜ್ಯದ ಹೆಗಲಿಗೆ ಬರುತ್ತದೆ. ನಮ್ಮ ಮನೆಲೆಕ್ಕದಲ್ಲಿ ಹೇಳುವುದಾದರೆ, ತವರಿನವರು ಹಸು ಕೊಡಿಸಿದರು, ಹುಲ್ಲು ಹಿಂಡಿ ಮಾತ್ರ ದಿನಾ ನಮ್ಮದೇ. ಅದರಲ್ಲೂ ಹಿಮಾಚಲದ ನೌಕರರಿಗೆ ಪಂಜಾಬಿನ ಮಾದರಿಯ ವೇತನ ಶ್ರೇಣಿ. ಶ್ರೀಮಂತ ರಾಜ್ಯದ ಸಂಬಳ, ಬಡ ರಾಜ್ಯದ ಬೊಕ್ಕಸ. ಆದ್ದರಿಂದ ಹೊಸ ಹೈಸ್ಕೂಲನ್ನು ಬುಡದಿಂದ ಕಟ್ಟುವುದಕ್ಕಿಂತ ಇದ್ದ ಶಾಲೆಯನ್ನೇ ಮೇಲೇರಿಸುವ ದಾರಿ ಹಿಡಿದರು. ಪ್ರಾಥಮಿಕ ಶಾಲೆಗೆ ಎರಡು ಕೋಣೆ ಸೇರಿಸಿ ಮಿಡ್ಲ್ ಸ್ಕೂಲು, ಅದಕ್ಕೆ ಮತ್ತೆರಡು ಸೇರಿಸಿ ಹೈಸ್ಕೂಲು, ಆಮೇಲೆ ಹನ್ನೆರಡನೇ ತರಗತಿಯವರೆಗೆ. ಶಾಸಕರು ಪ್ರಚಾರಕ್ಕೆ ಬಂದಾಗ ಊರವರು ಕೇಳುತ್ತಿದ್ದುದೇ ನಮ್ಮ ಶಾಲೆಯನ್ನು ಮೇಲೇರಿಸಿ ಎಂದು. ಕೇಳುವವರ ಗುಂಪಿನಲ್ಲಿ ಮಹಿಳಾ ಮಂಡಲದವರೂ ಇರುತ್ತಿದ್ದರು. ಓಟಿನ ರಾಜಕೀಯ ಎಂದು ಮೂಗು ಮುರಿಯುವವರಿದ್ದಾರೆ. ಓಟಿಗಾಗಿ ಹೈಸ್ಕೂಲು ಕೇಳುವ ಊರು ಇರುವುದೇ ದೊಡ್ಡದು ಎನ್ನುತ್ತೇನೆ ನಾನು.

ಹಣಕ್ಕಿಂತಲೂ ಕಾಡಿದ್ದು ಕ್ಯಾಲೆಂಡರು. ಕಿನ್ನೌರಿನ ಕಲ್ಪಾದಲ್ಲಿ ಶ್ಯಾಮ್ ಸರಣ್ ನೇಗಿ ಎಂಬ ಶಾಲಾ ಮಾಸ್ತರರು 1951ರ ಅಕ್ಟೋಬರ್ 25ರಂದು ಸ್ವತಂತ್ರ ಭಾರತದ ಮೊದಲ ಮತದಾರರಾದ ಸಂಗತಿ ನಿಮಗೆ ಗೊತ್ತಿರಬಹುದು. ಬೇರೆಡೆ ಮತದಾನ ಬಹುಪಾಲು ನಡೆದದ್ದು 1952ರಲ್ಲಿ. ಅಷ್ಟರಲ್ಲಿ ಅಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆಂದು ಮೊದಲೇ ಮುಗಿಸಿದರು. ಚುನಾವಣೆ ಹಿಮಕ್ಕೆ ಬಾಗಿತು, ಆದರೆ ಬಜೆಟ್ ಬಾಗಲಿಲ್ಲ. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಲ್ಲಿ ಕಟ್ಟಡದ ಕೆಲಸ ನಡೆಯುವುದು ಮೇನಿಂದ ಅಕ್ಟೋಬರ್‌ವರೆಗೆ. ಮಂಜೂರಾತಿ ಪತ್ರ ದೆಹಲಿಯಿಂದ ಶಿಮ್ಲಾ ಸುತ್ತಿ ಕೇಲಾಂಗ್ ತಲುಪುವ ಹೊತ್ತಿಗೆ ರೋಹ್ತಾಂಗ್ ಕಣಿವೆದಾರಿ ಮುಚ್ಚಿದರೆ ಆ ವರ್ಷ ಗಾರೆ ಕಲಸಲು ಆಗದು, ಖರ್ಚಾಗದ ಹಣ ಮಾರ್ಚ್ ಕೊನೆಗೆ ತಿರುಗಿ ಹೋಗುತ್ತದೆ. ಒಂದು ಕೋಣೆ ಮೂರು ಬೇಸಿಗೆ ನುಂಗುವುದು ಹೀಗೆ. ಅಟಲ್ ಸುರಂಗ ತೆರೆದದ್ದು 2020ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲು ಐದಾರು ತಿಂಗಳು ಲಾಹೌಲಿಗೆ ನೆಲದ ದಾರಿಯೇ ಇರಲಿಲ್ಲ. ಶಾಲೆಗಳ ರಜೆಯಲ್ಲಂತೂ ಹಿಮಾಚಲ ಬುದ್ಧಿವಂತಿಕೆ ತೋರಿತು: ಎತ್ತರದ ಊರುಗಳಿಗೆ ಚಳಿಗಾಲದ ದೀರ್ಘ ರಜೆ, ತಗ್ಗಿನ ಊರುಗಳಿಗೆ ಬೇಸಿಗೆ ರಜೆ, ಹೀಗೆ ಒಂದೇ ರಾಜ್ಯದಲ್ಲಿ ಎರಡು ಪಂಚಾಂಗ.

ಇದೆಲ್ಲದರ ಫಲ ಹೊರಗಿನವರ ಕಣ್ಣಿಗೆ ಬಿದ್ದದ್ದು 1999ರಲ್ಲಿ. ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೇಜ್ ಮತ್ತು ಸಂಗಡಿಗರು 1996ರಲ್ಲಿ ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹಳ್ಳಿ ಶಾಲೆಗಳನ್ನು ಸುತ್ತಿ ನೋಡಿದ್ದರು, ಜೊತೆಗೆ ಹಿಮಾಚಲವನ್ನೂ. ‘ಪ್ರೋಬ್’ ಎಂಬ ಹೆಸರಿನ ಆ ವರದಿಯಲ್ಲಿ ನಾಲ್ಕು ರಾಜ್ಯಗಳ ಚಿತ್ರ ಬೇಸರದ್ದಾದರೆ, ಹಿಮಾಚಲಕ್ಕೆ ‘ಶಾಲಾ ಕ್ರಾಂತಿ’ ಎಂಬ ಹೆಸರಿನಲ್ಲೇ ಪ್ರತ್ಯೇಕ ಅಧ್ಯಾಯ. ಅಲ್ಲಿ ಅವರು ಗುರುತಿಸಿದ ಕಾರಣಗಳಲ್ಲಿ ಸರ್ಕಾರದ ಖರ್ಚಿನಷ್ಟೇ ಮುಖ್ಯವಾದುದು ಹೆಂಗಸರ ಸ್ಥಾನ. ಬೆಟ್ಟದ ಹೆಂಗಸು ಹೊಲಕ್ಕೆ, ಕಾಡಿಗೆ, ಪೇಟೆಗೆ ಹೋಗುವವಳು. ಘೂಂಘಟ್ ಹಾಕಿ ಒಳಗೆ ಕೂರುವವಳಲ್ಲ. ಅವಳ ಮಗಳು ಶಾಲೆಗೆ ಹೋಗುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಮನೆಗಳ ನಡುವೆ ಮೇಲುಕೀಳಿನ ಅಂತರವೂ ಬಯಲಿನಷ್ಟು ಇರಲಿಲ್ಲ. ಎಲ್ಲರದ್ದೂ ತುಂಡು ಹೊಲವೇ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಎಲ್ಲವನ್ನೂ ಸರ್ಕಾರದ ಖಾತೆಗೆ ಬರೆಯಲಾಗದು. ಕಾಂಗ್ರಾ, ಹಮೀರ್‌ಪುರದ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ಸೈನಿಕರಿದ್ದಾರೆ. ಪಿಂಚಣಿಯ ಹಣ, ಹೊರಗಿನ ಲೋಕದ ತಿಳಿವಳಿಕೆ ಎರಡೂ ಮನೆಗೆ ಬಂದವು. ದೂರದ ರೆಜಿಮೆಂಟಿನಿಂದ ಬಂದ ಗಂಡನ ಪತ್ರವನ್ನು ಓದಿಸಲು ಇನ್ನೊಬ್ಬರ ಮನೆಗೆ ಹೋಗಬೇಕಾದ ಹೆಂಗಸಿಗೆ ಅಕ್ಷರದ ಬೆಲೆ ಯಾವ ಅಧಿಕಾರಿಯೂ ಹೇಳಬೇಕಿಲ್ಲ. 2011ರಲ್ಲಿ ರಾಜ್ಯದಲ್ಲೇ ಹೆಚ್ಚು ಸಾಕ್ಷರತೆಯಿದ್ದುದು ಹಮೀರ್‌ಪುರದಲ್ಲಿ, ಕಡಿಮೆ ಇದ್ದುದು ಚಂಬಾದಲ್ಲಿ. ಒಂದೇ ಸರ್ಕಾರ, ಒಂದೇ ಅನುದಾನ, ಆದರೂ ನೂರಕ್ಕೆ ಹದಿನಾರರ ಅಂತರ.

ಪಕ್ಕದ ಗಢವಾಲ್-ಕುಮಾವೂಂ ನೋಡಿದರೆ ಹೋಲಿಕೆಗೆ ಒಳ್ಳೆಯ ಉದಾಹರಣೆ ಸಿಗುತ್ತದೆ. ಅದೇ ಹಿಮಾಲಯ, ಅದೇ ದುಡಿಯುವ ಹೆಂಗಸರು. ಆದರೆ 2000ದವರೆಗೆ ಆ ಬೆಟ್ಟಗಳ ಆಡಳಿತ ನಡೆದದ್ದು ಲಖನೌದಿಂದ. ಉತ್ತರಾಖಂಡ ಬೇರೆ ರಾಜ್ಯವಾದ ಮೇಲೂ ಜನ ಇಳಿದುಹೋಗುವುದು ನಿಲ್ಲಲಿಲ್ಲ. ಅಲ್ಲಿನ ಸರ್ಕಾರ 2017ರಲ್ಲಿ ವಲಸೆಯ ಬಗ್ಗೆಯೇ ಒಂದು ಆಯೋಗ ಮಾಡಬೇಕಾಯಿತು. ಹಳ್ಳಿ ಬಿಟ್ಟವರಲ್ಲಿ ಅರ್ಧದಷ್ಟು ಜನ ಉದ್ಯೋಗಕ್ಕಾಗಿ ಹೋದರೆ, ಅದರ ನಂತರದ ದೊಡ್ಡ ಕಾರಣ ಮಕ್ಕಳ ಓದು ಎಂದು ಆಯೋಗ ಕಂಡುಕೊಂಡಿತು.

ಕೇಂದ್ರದ ಮಟ್ಟದಲ್ಲಿ ಹೈಸ್ಕೂಲಿನ ಬಗ್ಗೆ ಯೋಚನೆ ತಡವಾಗಿಯೇ ಬಂತು. ಪ್ರಾಥಮಿಕ ಶಿಕ್ಷಣಕ್ಕೆ 2001ರ ಹೊತ್ತಿಗೆ ಸರ್ವ ಶಿಕ್ಷಾ ಅಭಿಯಾನ ಇತ್ತು. ಪ್ರೌಢಶಿಕ್ಷಣಕ್ಕೆ ಅಂಥದೇ ಅಭಿಯಾನ ಬಂದದ್ದು 2009ರಲ್ಲಿ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಎಂಬ ಹೆಸರಿನಿಂದ. ಐದು ಕಿಲೋಮೀಟರಿನೊಳಗೆ ಒಂದು ಪ್ರೌಢಶಾಲೆ ಎಂಬುದು ಅದರ ಗುರಿ. ಖರ್ಚಿನಲ್ಲಿ ಕೇಂದ್ರದ ಪಾಲು 75, ರಾಜ್ಯದ್ದು 25. ಈಶಾನ್ಯ ರಾಜ್ಯಗಳಿಗೆ 90 ಮತ್ತು 10 ಎಂದು ರಿಯಾಯಿತಿ ಕೊಟ್ಟಾಗ ಹಿಮಾಚಲವನ್ನು ಅದರಲ್ಲಿ ಸೇರಿಸಲಿಲ್ಲ. ಬೆಟ್ಟ ಈಶಾನ್ಯದಲ್ಲಿ ಮಾತ್ರ ಎತ್ತರವೇ ಎಂದು ಕೇಳಬೇಕೆನಿಸುತ್ತದೆ. ಹಿಮಾಲಯದ ರಾಜ್ಯಗಳಿಗೂ 90 ಮತ್ತು 10ರ ಲೆಕ್ಕ ಅನ್ವಯವಾದದ್ದು ಯೋಜನಾ ಆಯೋಗವೇ ಹೋದ ಮೇಲೆ, 2015ರ ನಂತರ. 2018ರಿಂದ ಎಲ್ಲ ಒಟ್ಟಾಗಿ ಸಮಗ್ರ ಶಿಕ್ಷಾ ಎಂದಾಗಿದೆ.

ಅದೇ 2009ರಲ್ಲಿ ಬಂದ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ದುರ್ಗಮ ಜಾಗ, ಭೂಕುಸಿತ ಅಥವಾ ಪ್ರವಾಹದ ಭಯ, ರಸ್ತೆಯಿಲ್ಲದ ದಾರಿ ಇದ್ದಲ್ಲಿ ಒಂದು, ಮೂರು ಕಿಲೋಮೀಟರಿನ ಸಾಮಾನ್ಯ ಲೆಕ್ಕವನ್ನು ಇನ್ನೂ ಕಡಿಮೆ ಮಾಡಿ ಶಾಲೆ ಹತ್ತಿರ ತರಬೇಕು ಎಂದು. ಬೆಟ್ಟದ ಅಳತೆಗೋಲು ಕಾನೂನಿನೊಳಗೆ ಬಂತಲ್ಲ ಎಂದು ಸಂತೋಷಪಡುವಷ್ಟರಲ್ಲಿ ನೆನಪಾಗುತ್ತದೆ: ಆ ಕಾಯ್ದೆ ಅನ್ವಯಿಸುವುದು ಹದಿನಾಲ್ಕು ವರ್ಷದವರೆಗೆ, ಎಂಟನೇ ತರಗತಿಯವರೆಗೆ. ತಾಯಂದಿರ ಭಯ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಹಕ್ಕು ಮುಗಿಯುತ್ತದೆ.

ಈಗ ಲೆಕ್ಕ ಮತ್ತೆ ತಿರುಗಿದೆ. ಓದಿದ ಹುಡುಗಿಯರು ತಾಯಂದಿರಾದರು, ಒಂದೋ ಎರಡೋ ಮಕ್ಕಳು ಸಾಕೆಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಿಮಾಚಲದ ಹೆಂಗಸಿಗೆ ಸರಾಸರಿ ಮಕ್ಕಳು 1.7. ಮಕ್ಕಳು ಕಡಿಮೆಯಾದರು, ಇರುವವರಲ್ಲೂ ಹಲವರು ಪೇಟೆಯ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಹೋದರು. ಹೀಗೆ ಹುಡುಗಿಯರ ಓದೇ ಸುತ್ತಿ ಬಳಸಿ ಸರ್ಕಾರಿ ಶಾಲೆಗಳನ್ನು ಖಾಲಿ ಮಾಡಿದ್ದು ಈ ಚರಿತ್ರೆಯ ವಿಚಿತ್ರ. ಸಂಬಳ, ಪಿಂಚಣಿ, ಬಡ್ಡಿ ಕೊಟ್ಟು ಉಳಿಯುವುದು ಅಲ್ಪ ಎಂಬ ಸ್ಥಿತಿಯಲ್ಲಿರುವ ಸರ್ಕಾರ ಕಳೆದ ಕೆಲವು ವರ್ಷಗಳಲ್ಲಿ ಮಕ್ಕಳೇ ಇಲ್ಲದ ನೂರಾರು ಶಾಲೆಗಳನ್ನು ಮುಚ್ಚಿದೆ, ಕಡಿಮೆ ಮಕ್ಕಳಿರುವ ಶಾಲೆಗಳನ್ನು ಹತ್ತಿರದ ಶಾಲೆಯೊಂದಿಗೆ ವಿಲೀನ ಮಾಡುತ್ತಿದೆ.

ಒಬ್ಬ ಮಗುವೂ ಇಲ್ಲದ ಶಾಲೆಯನ್ನು ಮುಚ್ಚುವುದು ಸರಿಯೇ. ನಾಲ್ಕು ಮಕ್ಕಳಿಗೆ ಇಬ್ಬರು ಮೇಷ್ಟ್ರು ಇರುವ ಕಡೆ ಆ ಮಕ್ಕಳಿಗೂ ಓದಿನ ವಾತಾವರಣ ಸಿಗುವುದಿಲ್ಲ, ಅದನ್ನೂ ಒಪ್ಪಬೇಕು. ಆದರೆ ಹೈಸ್ಕೂಲಿನ ವಿಷಯ ಬಂದಾಗ ವಿಲೀನದ ಆದೇಶದಲ್ಲಿ ಕಿಲೋಮೀಟರ್ ಬರೆದರೆ ಸಾಲದು, ನಡಿಗೆಯ ಹೊತ್ತು ಬರೆಯಬೇಕು. ಶಾಲೆ ಬಿಟ್ಟ ಮೇಲೆ ಹುಡುಗಿ ಬೆಳಕಿರುವಾಗ ಮನೆ ಮುಟ್ಟುತ್ತಾಳೆಯೇ, ಬಸ್ಸು ಇದೆಯೇ, ಇದ್ದರೆ ಶಾಲೆಯ ವೇಳೆಗೆ ಹೊಂದುತ್ತದೆಯೇ, ಹಿಮ ಬಿದ್ದಾಗ ಉಳಿಯಲು ಹಾಸ್ಟೆಲ್ ಇದೆಯೇ. ಒಂಬತ್ತರಿಂದ ಹನ್ನೆರಡನೇ ತರಗತಿಯ ಹುಡುಗಿಯರಿಗಾಗಿ ಹಾಸ್ಟೆಲ್ ಕಟ್ಟುವ ಕೇಂದ್ರದ ಯೋಜನೆ 2008-09ರಿಂದಲೇ ಇದೆ. ಅದನ್ನು ವಿಲೀನದ ಆದೇಶಕ್ಕೆ ಗಂಟು ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ.

ಪಾಂಗಿ ಕಣಿವೆಯ ಹುಡುಗಿಗೆ ಮಾತ್ರ ಹಳೆಯ ಲೆಕ್ಕವೇ ಇನ್ನೂ ನಡೆಯುತ್ತಿದೆ. ಅವಳ ಜಿಲ್ಲಾ ಕೇಂದ್ರ ಚಂಬಾ. ನಡುವೆ ಸಾಚ್ ಕಣಿವೆದಾರಿ, ಚಳಿಗಾಲವಿಡೀ ಅದು ಮುಚ್ಚಿರುತ್ತದೆ. ಆಗ ಪಾಂಗಿಯವರು ಚಂಬಾಕ್ಕೆ ಹೋಗಬೇಕಾದರೆ ಲಾಹೌಲಿನ ಕಡೆಯಿಂದಲೋ ಜಮ್ಮುವಿನ ಕಡೆಯಿಂದಲೋ ನೂರಾರು ಕಿಲೋಮೀಟರು ಸುತ್ತಬೇಕು. ಆ ಕಣಿವೆಯ ಯಾವುದೇ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮೂವತ್ತೇ ಹೆಸರಿರಲಿ, ಅದು ಅಲ್ಲೇ ಇರಬೇಕು.